ಹೊಯ್ಸಳರು ಮೆಣಸಿನಕಾಯಿ ತಿಂದಿರಲಿಲ್ಲ

ಈ ಸಲದ ಬರಹ ಉದ್ದ ಆಗುತ್ತೆ, ಮೋಟರ್ ಹಾಕಿ ನೀರು ಕಟ್ಟೋ ಹೊತ್ನಲ್ಲಿ ನಿಧಾನಕ್ಕೆ ಓದಿ. ಮೊದಲು ಒಂದು ತಪ್ಪು ಒಪ್ಪಿಕೊಂಡುಬಿಡ್ತೀನಿ, ಆಮೇಲೆ ಮಿಕ್ಕಿದ್ದು.

2023ರ ಸೆಪ್ಟೆಂಬರ್‌ನಲ್ಲಿ ನಮ್ಮ ದೇವಸ್ಥಾನ, ಬೇಲೂರು, ಸೋಮನಾಥಪುರ ಮೂರೂ ಯುನೆಸ್ಕೋ ಪಟ್ಟಿಗೆ ಸೇರಿದವಲ್ಲ, ಅದಾದ ಮೇಲೆ ಹೊರಗಿನ ಜನ ನಮ್ಮೂರಿಗೆ ಜಾಸ್ತಿ ಬರೋಕೆ ಶುರುವಾದರು. ಆ ಬೇಸಿಗೇಲಿ ನಾನೂ ಒಂದು ಉಪಾಯ ಮಾಡಿದೆ. ನಮ್ಮ ಮನೆ ಗಿಡ್ಡ ಮೆಣಸಿನಕಾಯಿ ನಿಮಗೆ ಗೊತ್ತು. ಹೆಬ್ಬೆಟ್ಟಿನಷ್ಟು ಉದ್ದ, ತೊಟ್ಟಿನ ಹತ್ತಿರ ದಪ್ಪ, ತೊಗಲು ಗಟ್ಟಿ, ಒಂದು ಹಾಕಿದರೆ ಸಾರು ಸಾಕು ಅನ್ನೋ ಖಾರ. ಅದನ್ನ ಒಣಗಿಸಿ ಕಾಲು ಕೆಜಿ ಪೊಟ್ಟಣ ಕಟ್ಟಿ, ಮೇಲೆ 'ಹೊಯ್ಸಳರ ಕಾಲದ ನಾಟಿ ತಳಿ' ಅಂತ ಚೀಟಿ ಅಂಟಿಸಿದೆ. ಚೆನ್ನಾಗೇ ಖರ್ಚಾಯ್ತು. ಇಲ್ಲೂ ಹಾಗೇ ಬರೆದೆ. ಅದನ್ನು ಓದಿ ನಿಮ್ಮಲ್ಲಿ ಏಳೆಂಟು ಜನ ಮನೆಗೆ ಬಂದು ಬೀಜ ತಗೊಂಡು ಹೋದಿರಿ.

ಒಂದಿನ ರಿಟೈರ್ ಆದ ಮೇಷ್ಟ್ರೊಬ್ಬರು ಬಂದು ಪೊಟ್ಟಣ ಹಿಂದೆ ಮುಂದೆ ತಿರುಗಿಸಿ ನೋಡಿದರು. "ಅಲ್ಲಪ್ಪಾ, ವಿಷ್ಣುವರ್ಧನನಿಗೆ ಮೆಣಸಿನಕಾಯಿ ತಂದುಕೊಟ್ಟೋರು ಯಾರು?" ಅಂದರು. ನಾನು ಗತ್ತಿನಲ್ಲೇ "ನಮ್ಮಜ್ಜಿ ಕಾಲದಿಂದ ಇದೆ ಸಾರ್" ಅಂದೆ. "ನಿಮ್ಮಜ್ಜಿ ಏನು ಶಾಂತಲೆ ಜೊತೆ ಕುಣಿದೋರಾ?" ಅಂತ ನಕ್ಕರು. ದುಡ್ಡು ಕೊಟ್ಟು ಒಂದು ಪೊಟ್ಟಣ ತಗೊಂಡೇ ಹೋದರು ಅನ್ನಿ. ಆದರೆ ಆ ಮಾತು ಕಾಲಿಗೆ ಮುಳ್ಳು ಮುರಿದ ಹಂಗೆ ಒಳಗೇ ಉಳೀತು. ಎಸ್ಸೆಸ್ಸೆಲ್ಸಿ ಓದಿದವನು, ತಾರೀಖು ಲೆಕ್ಕ ಹಾಕೋಕೆ ಅಷ್ಟು ಸಾಕು ಅಂತ ಕೂತೆ. ಲೈಬ್ರರೀಲಿ ಸಿಕ್ಕಿದ್ದು, ಮೇಷ್ಟ್ರು ಆಮೇಲೆ ಕೊಟ್ಟಿದ್ದು, ಫೋನ್‌ನಲ್ಲಿ ಮಗಳು ಹುಡುಕಿ ತೋರಿಸಿದ್ದು, ಎಲ್ಲ ಸೇರಿಸಿ ಓದಿದೆ.

ಲೆಕ್ಕ ಸುಲಭ. ಬೇಲೂರಿನ ಚೆನ್ನಕೇಶವ 1117ರಲ್ಲಿ. ನಮ್ಮ ಹೊಯ್ಸಳೇಶ್ವರ ಶುರುವಾಗಿದ್ದು 1121ರ ಸುಮಾರಿಗೆ. ಮಲ್ಲಿಕಾಫರ್ ದಂಡು ದ್ವಾರಸಮುದ್ರಕ್ಕೆ ಬಂದಿದ್ದು 1311ರಲ್ಲಿ. ಕೊಲಂಬಸ್ ಹಡಗು ಅಮೆರಿಕದ ಕಡೆ ದ್ವೀಪಗಳಿಗೆ ಮುಟ್ಟಿದ್ದು 1492ರಲ್ಲಿ. ಮೆಣಸಿನಕಾಯಿ ಹುಟ್ಟಿದ ನೆಲ ಆ ಅಮೆರಿಕ. ಮೆಕ್ಸಿಕೋ ಕಡೆ ಜನ ಸಾವಿರಾರು ವರ್ಷದಿಂದ ಅದನ್ನ ಬೆಳೀತಾ ಇದ್ದರು, ಸಮುದ್ರದ ಈಚೆ ಇದ್ದ ನಮಗೆ, ಅರಬರಿಗೆ, ಚೀನಾದೋರಿಗೆ ಯಾರಿಗೂ ಅದರ ವಾಸನೆ ಗೊತ್ತಿರಲಿಲ್ಲ. ಕೊಲಂಬಸ್ ಅದನ್ನ ಮೊದಲು ಬಾಯಿಗೆ ಹಾಕಿಕೊಳ್ಳೋ ಹೊತ್ತಿಗೆ ಹೊಯ್ಸಳರ ರಾಜ್ಯ ಮುಗಿದು ಒಂದೂವರೆ ಶತಮಾನ ಆಗಿತ್ತು. ಬೀಡು ಹಾಳಾಗಿ ಹಳೇಬೀಡು ಆಗಿತ್ತು. ನನ್ನ ಚೀಟಿ ಸುಳ್ಳು ಅನ್ನೋಕೆ ಇನ್ನೇನು ಬೇಕು.

ಆದರೂ ಮನಸ್ಸು ಕೇಳಲ್ಲ ನೋಡಿ. ನಮ್ಮ ಶಿಲ್ಪದಲ್ಲೇ ಅಮೆರಿಕದ ಬೆಳೆ ಇದೆಯಂತಲ್ಲ ಅಂತ ಒಂದು ಆಸೆ ಇತ್ತು. ಆ ಕಥೆ ನಿಜವಾಗಿ ನಡೆದಿದೆ. 1989ರಲ್ಲಿ ಜೋಹಾನೆಸೆನ್ ಅನ್ನೋ ಅಮೆರಿಕದ ಪ್ರೊಫೆಸರ್ ಮತ್ತು ಪಾರ್ಕರ್ ಅನ್ನೋರು ಸೇರಿ, ಹೊಯ್ಸಳ ದೇವಸ್ಥಾನಗಳ ವಿಗ್ರಹಗಳ ಕೈಯಲ್ಲಿ ಇರೋದು ಮುಸುಕಿನ ಜೋಳದ ತೆನೆ, ಹಾಗಾಗಿ ಕೊಲಂಬಸ್‌ಗಿಂತ ಮೊದಲೇ ಜೋಳ ಇಲ್ಲಿಗೆ ಬಂದಿತ್ತು ಅಂತ ಬರೆದರು. 1993ರಲ್ಲಿ ನಮ್ಮ ದೇಶದ ವಿಜ್ಞಾನಿಗಳು ಪಾಯಕ್ ಮತ್ತು ಸಚನ್ ಅದಕ್ಕೆ ಉತ್ತರ ಕೊಟ್ಟರು, ಅದು ಜೋಳ ಅಲ್ಲ, ಮುತ್ತು ಪೋಣಿಸಿದ ಕಾಲ್ಪನಿಕ ಹಣ್ಣು, ಮುಕ್ತಾಫಲ ಅಂತ. ನಾನು ಬೆಳಗ್ಗೆ ಆರು ಗಂಟೆಗೆ, ಟೂರಿಸ್ಟ್ ಬಸ್ ಬರೋ ಮುಂಚೆ ಹೋಗಿ ಎಷ್ಟೋ ಹೊತ್ತು ನೋಡಿದೆ. ಇಪ್ಪತ್ತು ವರ್ಷ ಜೋಳ ಮುರಿದವನು ಹೇಳ್ತೀನಿ, ದೂರದಿಂದ ತೆನೆ ಹಂಗೇ ಕಾಣುತ್ತೆ. ಹತ್ತಿರ ಹೋದರೆ ಕಾಳಿನ ಸಾಲು ತೆನೆಯಲ್ಲಿ ಇದ್ದ ಹಂಗೆ ಕೂರಲ್ಲ, ಗರಿ ಸುತ್ತಿದ ರೀತಿಯೂ ಬೇರೆ. ಆ ಕಲ್ಲುಕುಟಿಗರು ನರ್ತಕಿಯ ಕಾಲಂದುಗೆ ಗೆಜ್ಜೆ ಬಿಡದೆ ಕೆತ್ತಿದವರು, ತೆನೆ ಕಂಡಿದ್ದರೆ ತೆನೆಯನ್ನೇ ಕೆತ್ತುತ್ತಿದ್ದರು. ಇದು ನನ್ನ ಅಭಿಪ್ರಾಯ, ನೀವೂ ಒಂದು ಸಲ ಹೋಗಿ ನೋಡಿ. ದಿನಾ ಅದರ ಮುಂದೆ ಹಾಲು ಹಾಕೋಕೆ ಹೋಗೋ ನಾವು ಒಳಗೆ ಹೋಗಿ ಎಷ್ಟು ವರ್ಷ ಆಯ್ತೋ.

ಹಂಗಾದರೆ ಆ ಕಾಲದೋರು ಸಪ್ಪೆ ತಿಂದರಾ? ಇಲ್ಲ. ಖಾರಕ್ಕೆ ಅವರಿಗೆ ಮೆಣಸಿತ್ತು, ನಾವೀಗ ಕಾಳುಮೆಣಸು ಅನ್ನೋದು. ಅವತ್ತಿನ ಶಾಸನಗಳಲ್ಲಿ ಅಡಕೆ ಹೇರು, ಮೆಣಸಿನ ಹೇರಿಗೆ ಸುಂಕ ಎಷ್ಟು ಅನ್ನೋ ಲೆಕ್ಕ ಬರುತ್ತೆ. 1025ರಲ್ಲಿ ಚಾವುಂಡರಾಯ ಅನ್ನೋರು ಬರೆದ ಲೋಕೋಪಕಾರ ಅನ್ನೋ ಪುಸ್ತಕ ಇದೆ. ಗಿಡಕ್ಕೆ ಬರೋ ರೋಗ, ಬಾವಿ ತೋಡೋ ಜಾಗ, ದನದ ಔಷಧಿ, ಅಡುಗೆ ಎಲ್ಲ ಇದೆ ಅದರಲ್ಲಿ. ನಮ್ಮಂಥೋರಿಗೇ ಬರೆದ ಹಂಗಿದೆ. ಅಡುಗೆ ಭಾಗದಲ್ಲಿ ಮೆಣಸು, ಶುಂಠಿ, ಜೀರಿಗೆ, ಇಂಗು, ಸಾಸಿವೆ ಇವೆ, ಮೆಣಸಿನಕಾಯಿ ಇಲ್ಲ.

ಹೆಸರು ನೋಡಿ, ಅದರಲ್ಲೇ ಎಲ್ಲ ಇದೆ. ಮೆಣಸು ಮೊದಲು, ಮೆಣಸಿನ ಕಾಯಿ ಆಮೇಲೆ. 'ಮೆಣಸಿನ ಹಂಗೆ ಖಾರ ಇರೋ ಕಾಯಿ' ಅಂತ ಯಾರೋ ಕರೆದರು, ಅದೇ ನಿಂತಿತು. ಹೊಸಬ ಬಂದು ಹೆಸರು ಹೊಡಕೊಂಡ ಮೇಲೆ ಹಳಬನಿಗೆ ಗುರುತು ಹಚ್ಚಬೇಕಾಯ್ತು. ನಾವು ಕಾಳುಮೆಣಸು ಅಂದೆವು, ಮಲೆನಾಡಿನೋರು ಒಳ್ಳೆಮೆಣಸು ಅಂದರು, ತುಳುವಿನೋರು ಎಡ್ಡೆಮುಂಚಿ ಅಂದರು. ಎಡ್ಡೆ ಅಂದರೂ ಒಳ್ಳೇದೇ. ಕೊಡಗಿನೋರು ಬೇಲಿ ಸಾಲಿನ ಸಣ್ಣ ಸೂಜಿ ಮೆಣಸಿನಕಾಯಿಗೆ ಪರಂಗಿಮಾಲು ಅಂತಾರೆ. ಪರಂಗಿ ಅಂದರೆ ಹೊರಗಿಂದ ಹಡಗಲ್ಲಿ ಬಂದ ಬಿಳಿಯರು. ನಮ್ಮ ಹಿತ್ತಲ ಪರಂಗಿ ಹಣ್ಣಿಗೂ ಅದೇ ಹೆಸರಿನ ಹಣೆಪಟ್ಟಿ, ಅದೂ ಅಮೆರಿಕದ ಗಿಡವೇ. ಆಲೂಗಡ್ಡೆ, ಟೊಮೇಟೊ, ಕಡ್ಲೆಕಾಯಿ, ಮುಸುಕಿನ ಜೋಳ, ಸೀಬೆ, ಹೊಗೆಸೊಪ್ಪು, ಎಲ್ಲ ಆ ಕಡೆಯವೇ. ನಮ್ಮ ಹೋಬಳಿ ಹೊಲಗಳಿಂದ ಇವಿಷ್ಟನ್ನೂ ತೆಗೆದುಬಿಟ್ಟರೆ ರಾಗಿ, ಅವರೆ, ಹುರುಳಿ, ಹುಚ್ಚೆಳ್ಳು ಉಳೀತವೆ. ರಾಗಿಯೂ ಹಿಂದೆ ಯಾವತ್ತೋ ಆಫ್ರಿಕಾದಿಂದ ಬಂದಿದ್ದೇ ಅಂತಾರೆ, ಅದರ ಲೆಕ್ಕ ಹಾಕೋಕೆ ಹೋದರೆ ಊಟಕ್ಕೆ ಏನೂ ಉಳಿಯಲ್ಲ, ಬಿಡಿ.

ಕೊಲಂಬಸ್ ಹೊರಟಿದ್ದೂ ಮೆಣಸು ಹುಡುಕಿಕೊಂಡೇ. ಹೋಗಿದ್ದು ಬೇರೆ ಕಡೆ, ಸಿಕ್ಕಿದ್ದು ಬೇರೆ ಗಿಡ, ಆದರೂ ಮೆಣಸಿನ ಹೆಸರೇ ಅದಕ್ಕೆ ಇಟ್ಟರು. ಆರು ವರ್ಷ ಆದ ಮೇಲೆ, 1498ರಲ್ಲಿ, ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದ. 1510ರಲ್ಲಿ ಪೋರ್ಚುಗೀಸರು ಬಿಜಾಪುರದೋರಿಂದ ಗೋವಾ ಕಿತ್ತುಕೊಂಡರು. ಅವರು ಬಂದಿದ್ದು ನಮ್ಮ ಘಟ್ಟದ ಮೆಣಸಿಗೆ. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನ ಅವರು 'ಮೆಣಸಿನ ರಾಣಿ' ಅಂತಲೇ ಕರೀತಿದ್ದರು. ಮೆಣಸು ಹೊತ್ತುಕೊಂಡು ಹೋದರು, ಮೆಣಸಿನಕಾಯಿ ಬಿಟ್ಟು ಹೋದರು. ಈ ವ್ಯಾಪಾರದಲ್ಲಿ ಗೆದ್ದೋರು ಯಾರು ಅಂತ ನಾನು ಇವತ್ತಿಗೂ ಯೋಚನೆ ಮಾಡ್ತೀನಿ. 1542ರಲ್ಲಿ ಜರ್ಮನಿಯ ಫುಕ್ಸ್ ಅನ್ನೋ ವೈದ್ಯ ಗಿಡಮೂಲಿಕೆ ಪುಸ್ತಕ ಬರೆದು ಅದರಲ್ಲಿ ಮೆಣಸಿನಕಾಯಿ ಚಿತ್ರ ಹಾಕಿಸಿ 'ಕಲ್ಲಿಕೋಟೆ ಮೆಣಸು' ಅಂತ ಹೆಸರು ಕೊಟ್ಟ. ಐವತ್ತೇ ವರ್ಷದಲ್ಲಿ ಯುರೋಪಿನ ಪಂಡಿತರೇ ಇದು ಇಂಡಿಯಾದ್ದು ಅಂದುಕೊಂಡರು. ನಾನೊಬ್ಬ ಹಳೇಬೀಡಿನೋನು ಎಡವಿದ್ದರಲ್ಲಿ ಅಂಥ ಅವಮಾನ ಏನಿಲ್ಲ ಅಂತ ಅವತ್ತು ಸ್ವಲ್ಪ ಸಮಾಧಾನ ಆಯ್ತು.

ಕರಾವಳಿಯಿಂದ ನಮ್ಮ ಕಡೆಗೆ ಹೆಂಗೆ ಬಂತು? ಯಾರೂ ಬರೆದಿಟ್ಟಿಲ್ಲ. ಉಪ್ಪು, ಒಣಮೀನು ಹೊತ್ತು ಘಟ್ಟ ಹತ್ತುತ್ತಿದ್ದ ಹೇರೆತ್ತಿನ ಜೊತೆ ಬಂದಿರಬೇಕು ಅಂತ ನನ್ನ ಊಹೆ. ಒಂದು ಕಾಯಿ ಒಳಗೆ ಐವತ್ತು ಅರವತ್ತು ಬೀಜ ಇರುತ್ತೆ. ಬುತ್ತಿ ಗಂಟಲ್ಲಿ ನಾಲ್ಕು ಒಣಕಾಯಿ ಇದ್ದರೆ ಒಂದು ಊರಿಗೆ ಸಾಕು. ಪುರಂದರದಾಸರ ಹೆಸರಲ್ಲಿ ಮೆಣಸಿನಕಾಯಿಯನ್ನೇ ಹೊಗಳಿ ಹಾಡೋ ಒಂದು ಪದ ಇದೆ, ಬಡವರ ಪಾಲಿನ ಆಸರೆ ಇದು ಅನ್ನೋ ಅರ್ಥದ್ದು. ದಾಸರು ಹೋಗಿದ್ದು 1564ರಲ್ಲಿ. ಪದ ಅವರದ್ದೇ ಆಗಿದ್ದರೆ ಗೋವಾ ಬಿದ್ದ ಐವತ್ನಾಲ್ಕು ವರ್ಷದೊಳಗೆ ವಿಜಯನಗರದ ಸೀಮೆಯ ಬಡವರ ಒಲೆ ಮೇಲೆ ಮೆಣಸಿನಕಾಯಿ ಇತ್ತು ಅಂತಾಯ್ತು. ಆಮೇಲೆ ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ಬುಕಾನನ್ ಅನ್ನೋ ಕಂಪನಿ ಡಾಕ್ಟರ್ ಮೈಸೂರು ಸೀಮೆಯೆಲ್ಲ ಸುತ್ತಿ ಯಾವ ಹೊಲದಲ್ಲಿ ಏನು ಬೆಳೀತಾರೆ, ಗುತ್ತಿಗೆ ಎಷ್ಟು, ನೇಗಿಲು ಯಾವ ಥರದ್ದು ಎಲ್ಲ ಬರೆದುಕೊಂಡ. 1807ರಲ್ಲಿ ಮೂರು ಸಂಪುಟ ಅಚ್ಚಾಯ್ತು. ಅವನ ತರಕಾರಿ ತೋಟದ ಲೆಕ್ಕದಲ್ಲಿ ಮೆಣಸಿನಕಾಯಿ ಬದನೆ, ಈರುಳ್ಳಿಗಳ ಪಕ್ಕ ಮಾಮೂಲಿ ಬೆಳೆಯಾಗಿ ಬರುತ್ತೆ. ಇನ್ನೂರು ಮುನ್ನೂರು ವರ್ಷದಲ್ಲಿ ಊರಿನೋನೇ ಆಗಿಬಿಟ್ಟಿದ್ದ.

ಯಾಕೆ ಇಷ್ಟು ಬೇಗ ಒಗ್ಗಿತು ಅನ್ನೋದನ್ನ ಹೊಲದೋರಿಗೆ ಹೇಳಿಕೊಡಬೇಕಿಲ್ಲ. ಕಾಳುಮೆಣಸಿಗೆ ಮರ ಬೇಕು, ನೆರಳು ಬೇಕು, ಸಕಲೇಶಪುರದ ಮಳೆ ಬೇಕು, ಫಲಕ್ಕೆ ಮೂರು ವರ್ಷ ಕಾಯಬೇಕು. ನಮ್ಮದು ಅತ್ತ ಮಲೆನಾಡೂ ಅಲ್ಲ, ಇತ್ತ ಅರಸೀಕೆರೆ ಬಯಲೂ ಅಲ್ಲ. ಇಲ್ಲಿ ಮೆಣಸು ಕೊಂಡೇ ತಿನ್ನಬೇಕಿತ್ತು, ಕೊಳ್ಳೋಕೆ ದುಡ್ಡಿರಬೇಕಿತ್ತು. ಮೆಣಸಿನಕಾಯಿ ಬಚ್ಚಲ ನೀರಿಗೂ ಬರುತ್ತೆ. ಕೃತ್ತಿಕೆ ಮಳೆಗೆ ಒಟ್ಲು ಹಾಕಿ ಆರಿದ್ರಾ ಮಳೆಗೆ ನಾಟಿ ಮಾಡಿದರೆ ಗೌರಿ ಹಬ್ಬ ಕಳೆಯೋದರೊಳಗೆ ಹಸಿಕಾಯಿ. ಹಣ್ಣಾಗಿದ್ದು ಒಣಗಿಸಿಕೊಂಡರೆ ಮುಂದಿನ ವರ್ಷದ ತನಕ ಮುದ್ದೆಗೆ ಖಾರ. ಅರಮನೆ ಪದಾರ್ಥ ಹಟ್ಟಿ ಪದಾರ್ಥ ಆಗಿದ್ದು ಹಿಂಗೆ. ರಾಜರ ಸುಂಕದ ಕಟ್ಟೆಗೆ ಸಿಗದ ಖಾರ ಇದು.

ಹಳೇ ಅಡುಗೆ ಪೂರ್ತಿ ಸತ್ತಿಲ್ಲ. ನಮ್ಮ ಮನೇಲಿ ಬಾಣಂತಿಗೆ ಇವತ್ತಿಗೂ ಕಾಳುಮೆಣಸಿನ ಖಾರವೇ, ಒಣಮೆಣಸಿನಕಾಯಿ ತೋರಿಸಲ್ಲ. ಐನೋರ ಮನೆಗಳಲ್ಲಿ ತಿಥಿ ಅಡುಗೆಗೆ ಮೆಣಸಿನಕಾಯಿ, ಆಲೂಗಡ್ಡೆ, ಟೊಮೇಟೊ ಸೇರಿಸಲ್ಲ, ಮೆಣಸೇ. ಯಾಕೆ ಅಂತ ಕೇಳಿದರೆ ಶಾಸ್ತ್ರ ಅಂತಾರೆ. ಹೆರಿಗೆ, ಸಾವು ಇವೆರಡರ ಅಡುಗೆಯಲ್ಲಿ ಜನ ಬೇಗ ಏನೂ ಬದಲಾಯಿಸಲ್ಲ ಅಂತ ನನಗೆ ತೋಚುತ್ತೆ. ಹೊಯ್ಸಳರ ಕಾಲದ ರುಚಿ ಬೇಕು ಅಂದರೆ ನನ್ನ ಪೊಟ್ಟಣ ಅಲ್ಲ, ಬಾಣಂತಿ ಕೋಣೆಗೆ ಹೋಗಬೇಕು.

ಇನ್ನು ನಮ್ಮ ಮನೆ ಬೀಜದ ಸಂಗತಿ. ಇದು ನನ್ನ ಅಜ್ಜಿ, ಅವ್ವನ ತಾಯಿ, ಮದುವೆಯಾಗಿ ಬರುವಾಗ ತವರಿಂದ ಸೆರಗಲ್ಲಿ ಕಟ್ಟಿಕೊಂಡು ತಂದಿದ್ದು. ನಮ್ಮವ್ವ ಅಲ್ಲಿಂದ ಈ ಮನೆಗೆ ತಂದಳು. ಬೀಜ ಯಾವತ್ತೂ ಹೆಂಗಸರ ಕೈಯಲ್ಲೇ ಇತ್ತು. ಅಜ್ಜಿ ಮೊದಲ ಕೊಯ್ಲಿನ ಕಾಯಿ ಬೀಜಕ್ಕೆ ಬಿಡ್ತಿರಲಿಲ್ಲ, ಕೊನೇದೂ ಬೇಡ ಅನ್ನೋಳು. ಎರಡನೇ ಮೂರನೇ ಕೊಯ್ಲಲ್ಲಿ, ಎಲೆ ಮುರುಟದ ಗಿಡ ನೋಡಿ ತೊಟ್ಟಿಗೆ ಬಣ್ಣದ ದಾರ ಕಟ್ಟೋಳು. ಆ ಕಾಯಿ ಗಿಡದಲ್ಲೇ ಕೆಂಪಗೆ ಹಣ್ಣಾಗಬೇಕು. ಕಿತ್ತು ನೆರಳಲ್ಲಿ ಒಣಗಿಸಿ, ಒಲೆ ಬೂದಿ ಬೆರೆಸಿ ಸೋರೆಬುರುಡೇಲಿ ತುಂಬಿ ಒಲೆ ಮೇಲಿನ ಅಟ್ಟಕ್ಕೆ ನೇತು ಹಾಕೋಳು, ಹೊಗೆಗೆ ಹುಳ ಬರ್ತಿರಲಿಲ್ಲ. ಒಟ್ಲಿಗೆ ನೆಲಕ್ಕಿಂತ ನಾಲ್ಕು ಬೆರಳು ಎತ್ತರದ ಮಡಿ, ಜರಡಿ ಹಿಡಿದ ಹಳೇ ಗೊಬ್ಬರ, ಉಗುರಿನಷ್ಟು ಆಳದ ಗೀರು, ಮೇಲೆ ರಾಗಿ ಹುಲ್ಲು. ಎಂಟು ಹತ್ತು ದಿನಕ್ಕೆ ಮೊಳಕೆ ಕಂಡ ತಕ್ಷಣ ಹುಲ್ಲು ತೆಗೀಬೇಕು. ಒತ್ತಾಗಿ ಬಿತ್ತಿ ಸಾಯಂಕಾಲ ನೀರು ಸುರಿದರೆ ಬುಡ ಕೊಳೆತು ಪೈರು ಮಲಗಿಬಿಡುತ್ತೆ, ಹಂಗಾಗಿ ಬೆಳಗ್ಗೆಯೇ ಚಿಮುಕಿಸಬೇಕು. ಇದರಲ್ಲಿ ಇವತ್ತಿನ ಕೃಷಿ ಪುಸ್ತಕ ಬೇಡ ಅನ್ನೋದು ಏನೂ ಇಲ್ಲ. ಒಂದೇ ಒಂದು ತಪ್ಪು, ಖಾರ ಬೀಜದಲ್ಲಿದೆ ಅಂತ ಅಜ್ಜಿ ನಂಬಿದ್ದಳು. ಖಾರ ಇರೋದು ಬೀಜ ಅಂಟಿಕೊಂಡಿರೋ ಬಿಳೀ ದಿಂಡಲ್ಲಿ. ಅದು ನೀರಲ್ಲಿ ಕರಗಲ್ಲ, ಜಿಡ್ಡಲ್ಲಿ ಕರಗುತ್ತೆ. ಕೈ ಉರಿದರೆ ನೀರಿಗೆ ಓಡಬೇಡಿ, ಎಣ್ಣೆ ಸವರಿ ಆಮೇಲೆ ಸೋಪು ಹಾಕಿ.

ಹಕ್ಕಿಗೆ ಈ ಖಾರ ತಾಕಲ್ಲ ಅನ್ನೋದು ಗೊತ್ತಾ? 2001ರಲ್ಲಿ ಅಮೆರಿಕದ ಇಬ್ಬರು ಇದನ್ನ ಕಾಡು ಮೆಣಸಿನಕಾಯಿ ಗಿಡದ ಹತ್ತಿರ ಕೂತು ಪರೀಕ್ಷೆ ಮಾಡಿದರು. ಇಲಿ ಜಾತಿಯವು ಬೀಜ ಅಗಿದು ಹಾಳು ಮಾಡ್ತವೆ, ಅವು ಖಾರಕ್ಕೆ ಹೆದರಿ ಮುಟ್ಟಲ್ಲ. ಹಕ್ಕಿ ನುಂಗಿ ಹಿಕ್ಕೆ ಹಾಕಿದಲ್ಲಿ ಬೀಜ ಹುಟ್ಟುತ್ತೆ. ಬೇಲಿ ಮೇಲೆ ತಾನಾಗೇ ಹುಟ್ಟೋ ಸೂಜಿ ಮೆಣಸಿನಕಾಯಿ ಬಿತ್ತಿದ್ದು ಪಿಕಳಾರ ಹಕ್ಕಿ, ನಾವಲ್ಲ.

ಈಗ ನನ್ನ ಎರಡನೇ ತಪ್ಪು, ಇದು ದೊಡ್ಡದು. ನೀವು ಬೀಜ ತಗೊಂಡು ಹೋದ ಮೇಲೆ, 2024ರ ಮುಂಗಾರಿಗೆ, ಹಸಿಕಾಯಿ ರೇಟು ನೋಡಿ ನಾನೂ ಹೈಬ್ರಿಡ್ ಹಾಕಿದೆ. ಹತ್ತು ಗ್ರಾಂ ಪೊಟ್ಟಣಕ್ಕೆ ಕೊಟ್ಟ ದುಡ್ಡು ಹೆಂಡತಿಗೆ ಇನ್ನೂ ಹೇಳಿಲ್ಲ. ಹೈಬ್ರಿಡ್ ಬೇಡ ಅಂತ ನಾನು ಹೇಳಲ್ಲ, ಮಗಳ ಕಾಲೇಜ್ ಫೀಸು ಕಟ್ಟಿದ್ದು ಅದೇ ಕಾಯಿ. ಆದರೆ ಹಾಕಿದ್ದು ಎಲ್ಲಿ? ಹಿತ್ತಲ ಬೇಲಿ ಪಕ್ಕದ ಹತ್ತು ಗುಂಟೇಲಿ, ಅಜ್ಜಿ ತಳಿಯಿಂದ ಮೂವತ್ತು ಅಡಿ ದೂರದಲ್ಲಿ. ಮೆಣಸಿನಕಾಯಿ ಹೂವು ತನ್ನಷ್ಟಕ್ಕೆ ತಾನೂ ಕಚ್ಚುತ್ತೆ, ಜೇನು ಇರುವೆ ತಂದ ಪರಾಗಕ್ಕೂ ಕಚ್ಚುತ್ತೆ. ಬೀಜಕ್ಕೆ ಅಂತ ಬೆಳೆಯೋರು ಎರಡು ತಳಿ ನಡುವೆ 200 ಮೀಟರ್, ಮೂಲ ಬೀಜಕ್ಕಾದರೆ 400 ಮೀಟರ್ ಅಂತರ ಇಡಬೇಕು ಅನ್ನೋ ನಿಯಮ ಇದೆ. ನನಗೆ ಗೊತ್ತಿರಲಿಲ್ಲ. ಅಜ್ಜಿಗೂ ಗೊತ್ತಿರಲಿಲ್ಲ, ಆದರೆ ಅವಳ ಕಾಲಕ್ಕೆ ಊರಲ್ಲಿ ಎಲ್ಲರ ಮನೇಲೂ ಹೆಚ್ಚು ಕಮ್ಮಿ ಅದೇ ಕಾಯಿ ಇತ್ತು, ಕೆಡೋಕೆ ಏನೂ ಇರಲಿಲ್ಲ.

2025ರಲ್ಲಿ ಆ ಬೀಜ ಹಾಕಿದರೆ ನಲವತ್ತು ಗಿಡದಲ್ಲಿ ಹದಿನೇಳು ಉದ್ದ ಕಾಯಿ ಬಿಟ್ಟವು. ಕೆಲವು ಬಾಗಿ, ಕೆಲವು ತೆಳ್ಳಗೆ. ಮಿಕ್ಕಿದ್ದು ನೋಡೋಕೆ ಗಿಡ್ಡಕಾಯೇ, ಆದರೆ ಒಳಗೆ ಏನು ಬೆರೆತಿದೆಯೋ ದೇವರೇ ಬಲ್ಲ. ಬುರುಡೇಲಿ ಹಳೇ ಬೀಜ ಸ್ವಲ್ಪ ಇತ್ತು, ಈ ಸಂಕ್ರಾಂತಿ ಹೊತ್ತಿಗೆ ಒದ್ದೆ ಬಟ್ಟೇಲಿ ಐವತ್ತು ಕಾಳು ಕಟ್ಟಿ ಪರೀಕ್ಷೆ ಮಾಡಿದೆ. ಮೂರು ಮೊಳೆತವು. ಮೂರನ್ನೂ ಡಬ್ಬಕ್ಕೆ ಹಾಕಿ ಜಗಲಿ ಮೇಲಿಟ್ಟಿದ್ದೆ, ಒಂದನ್ನ ಕೋಳಿ ಕೆದಕಿತು. ಅವ್ವ ಇದ್ದಿದ್ದರೆ ಬೈಯ್ತಿದ್ದಳು. ಬೈಸಿಕೊಳ್ಳೋಕೂ ಯಾರೂ ಇಲ್ಲ.

ಅದಕ್ಕೇ ಇಷ್ಟುದ್ದ ಬರೆದಿದ್ದು. ಸುಳ್ಳು ಚೀಟಿ ನೋಡಿ ಬೀಜ ತಗೊಂಡು ಹೋದ ನೀವು ಏಳೆಂಟು ಮನೆಯವರಲ್ಲಿ ಯಾರಾದರೂ 2024ರಲ್ಲಿ ಅದನ್ನ ಒಂಟಿಯಾಗಿ, ಹತ್ತಿರ ಬೇರೆ ಮೆಣಸಿನಕಾಯಿ, ದೊಣ್ಣೆ ಮೆಣಸಿನಕಾಯಿ ಇಲ್ಲದ ಕಡೆ ಬೆಳೆದಿದ್ದರೆ, ಅಥವಾ ನಾನು ಕೊಟ್ಟ ಪೊಟ್ಟಣ ಹಂಗೇ ಡಬ್ಬದಲ್ಲಿ ಮರೆತಿದ್ದರೆ, ದಯವಿಟ್ಟು ನೋಡಿ. ಮೆಣಸಿನ ಬೀಜ ಎರಡು ಮೂರು ವರ್ಷದ ಮೇಲೆ ಜೀವ ಹಿಡಿಯಲ್ಲ, ಈ ಕೃತ್ತಿಕೆ ಮಳೆ ದಾಟಿದರೆ ಕಷ್ಟ. ಬೀಜ ಹಂಚಿಕೊಳ್ಳೋಕೆ ಕಾನೂನಿನ ಹೆದರಿಕೆ ಬೇಡ. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯಲ್ಲಿ ರೈತ ತನ್ನ ಬೀಜ ಇಟ್ಟುಕೊಳ್ಳಬಹುದು, ಮತ್ತೆ ಬಿತ್ತಬಹುದು, ಹಂಚಬಹುದು, ಮಾರಲೂಬಹುದು, ಕಾಯ್ದೆಯಡಿ ಹಕ್ಕಿರೋ ತಳಿಯನ್ನ ಬ್ರ್ಯಾಂಡ್ ಹೆಸರು ಹಾಕಿ ಮಾರೋ ಹಂಗಿಲ್ಲ ಅಷ್ಟೆ. ಬ್ಯಾಡಗಿಯೋರು 2011ರಲ್ಲೇ ತಮ್ಮ ಮೆಣಸಿನಕಾಯಿಗೆ ಜಿಐ ಗುರುತು ಪಡೆದುಕೊಂಡರು. ನಮ್ಮದಕ್ಕೆ ಅಂಥದ್ದೇನೂ ಬೇಡ, ಮೊದಲು ಬೀಜ ಸಿಕ್ಕಲಿ.

ಬೆಂಕಿಪೊಟ್ಟಣದ ತುಂಬ ಇದ್ದರೆ ಸಾಕು. ನಾನೇ ಬಂದು ತಗೊಂಡು ಹೋಗ್ತೀನಿ, ಬದಲಿಗೆ ಒಂದು ತೆಂಗಿನ ಸಸಿ ಕೊಡ್ತೀನಿ. ಈ ಸಲ ಒಟ್ಲನ್ನ ಹಿತ್ತಲಲ್ಲಿ ಹಾಕಲ್ಲ, ಕೆರೆ ಆಚೆ ಹುಣಸೆಮರದ ಹತ್ತಿರದ ತುಂಡು ಹೊಲ ಖಾಲಿ ಇಟ್ಟಿದ್ದೀನಿ, ಸುತ್ತ ಎಲ್ಲ ರಾಗಿ. ಪೊಟ್ಟಣದ ಮೇಲಿನ ಚೀಟಿ ಬದಲಾಯಿಸಿದೆ. ಈಗ 'ನಮ್ಮಜ್ಜಿ ತವರಿಂದ ತಂದ ತಳಿ' ಅಂತ ಇದೆ. ಮೊದಲಿನಷ್ಟು ಖರ್ಚಾಗ್ತಿಲ್ಲ. ಮೇಷ್ಟ್ರು ಮಾತ್ರ ಮೊನ್ನೆ ಎರಡು ತಗೊಂಡರು.